ತಿಜೋರಿ ಮುಚ್ಚಿದ ದೂರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ತಿಜೋರಿ ಅನ್ನುತ್ತಿದ್ದರು. ಮುಖದೆದುರು ಅಲ್ಲ, ಅಷ್ಟು ಧೈರ್ಯ ಆ ಮಹಡಿಯಲ್ಲಿ ಯಾರಿಗೂ ಇರಲಿಲ್ಲ. ಆದರೂ ಹೆಸರು ಅವಳ ಕಿವಿಗೆ ಬಿದ್ದಿತ್ತು, ಬಿದ್ದು ಒಳಗೊಳಗೇ ಖುಷಿಯೂ ಆಗಿತ್ತು. ಐವತ್ತೊಂದು ವರ್ಷದ ಹೆಂಗಸಿಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಡುತ್ತಾರೆ? ಅವಳ ಸಂಬಳ ಎಷ್ಟು, ಅವಳಿಗೆ ಯಾವಾಗ ಜ್ವರ ಬಂದಿತ್ತು, ಅವಳು ಯಾರನ್ನು ಮದುವೆಯಾಗಿದ್ದಾಳೆ ಅನ್ನುವುದನ್ನು ಪಕ್ಕದ ಮೇಜಿನವರು ತಿಳಿದುಕೊಳ್ಳಲು ಹನ್ನೊಂದು ವರ್ಷ ಬೇಕಾಗಿತ್ತು. ಗಂಡ ಕನ್ನಡಕದ ಅಂಗಡಿಯವನು ಅಂತ ಗೊತ್ತಾದದ್ದೂ ಆತ ಒಂದು ದಿನ ಊಟದ ಡಬ್ಬಿ ಕೊಡಲು ಬಂದು, ಎದುರಿಗೆ ಸಿಕ್ಕವರ ಕನ್ನಡಕದ ಕಡ್ಡಿಯನ್ನೆಲ್ಲ ನೆಟ್ಟಗೆ ಮಾಡಿ ಹೋದದ್ದರಿಂದ.

ಅವಳ ಕೆಲಸವೂ ಅಂಥದ್ದೇ. ಕಂಪ್ಯೂಟರಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಚಿತ್ರ, ಅಕ್ಷರ, ಆಟ ಎಲ್ಲದರ ಕೆಳಗೆ ಕರ್ನಲ್ ಅಂತ ಒಂದು ತಿರುಳು ಇರುತ್ತದೆ. ಯಾವ ಪ್ರೋಗ್ರಾಂ ಯಾವಾಗ ಓಡಬೇಕು, ಯಾರಿಗೆ ಎಷ್ಟು ಜಾಗ ಅನ್ನುವುದನ್ನೆಲ್ಲ ನಿರ್ಧರಿಸುವ ಯಜಮಾನ ಅದು. ಆ ಯಜಮಾನನ ಮನೆಯಲ್ಲಿ ಕೀಲಿಗಳನ್ನು ಕಾಯುವ ಒಂದು ಮೂಲೆಯಿದೆ. ಗುಟ್ಟಿನ ಕಡತಗಳನ್ನು ತೆರೆಯುವ ಕೀಲಿಗಳು ಅಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿರುತ್ತವೆ. ಆಸ್ಪತ್ರೆ, ಬ್ಯಾಂಕುಗಳ ಯಂತ್ರಗಳಿಗೆ ಆಪರೇಟಿಂಗ್ ಸಿಸ್ಟಮ್ ಮಾಡಿಕೊಡುವ ಆ ಕಂಪನಿಯಲ್ಲಿ ತಿಜೋರಿ ಇಪ್ಪತ್ತೆರಡು ವರ್ಷದಿಂದ ಬರೆದು, ತಿದ್ದಿ, ಕಾವಲು ಕಾದದ್ದು ಈ ಒಂದು ಮೂಲೆಯನ್ನು. ಉಳಿದ ಕರ್ನಲ್ ಹೊತ್ತಿ ಉರಿದರೂ ಅವಳು ತಲೆಯೆತ್ತಿ ನೋಡುತ್ತಿರಲಿಲ್ಲ.

ಅವಳ ಸಿದ್ಧಾಂತ ಸರಳ. ಕೀಲಿ ಯಾರ ಹೆಸರಿನಲ್ಲಿದೆ ಅನ್ನುವುದು ಮುಖ್ಯವಲ್ಲ, ಈಗ ಯಾರ ಗೊಂಚಲಿನಲ್ಲಿದೆ ಅನ್ನುವುದು ಮುಖ್ಯ. ಗೊಂಚಲು ಕೈಯಲ್ಲಿದ್ದವನಿಗೆ ಬಾಗಿಲು ತೆರೆಯುತ್ತದೆ. ಇಲ್ಲದವನು ಇಡೀ ಯಂತ್ರದ ಒಡೆಯನೇ ಆಗಿರಲಿ, ಬಾಗಿಲ ಹೊರಗೆ ನಿಂತು ಗಾಳಿ ಕುಡಿಯಬೇಕು. ಒಳಗೆ ಹೋದ ಕೀಲಿಯನ್ನು ಯಾರೂ ಓದುವಂತಿಲ್ಲ, ಇಟ್ಟವರೂ ಕೂಡ. ಕರ್ನಲ್ ಅದನ್ನು ಬಳಸುತ್ತದೆ, ತೋರಿಸುವುದಿಲ್ಲ. ಯಂತ್ರ ಆರಿದರೆ ಕೀಲಿ ಸೊನ್ನೆಗಳಾಗಿ ಅಳಿಸಿಹೋಗುತ್ತದೆ. ಒಡೆಯನಿಗೂ ಬಾಗಿಲು ತೆರೆಯದ ಈ ಕಟ್ಟುಪಾಡು ಬೇರೆ ಎಲ್ಲೂ ಇಲ್ಲ, ಅವಳೇ ಸೇರಿಸಿದ್ದು, ಅದರ ಬಗ್ಗೆ ಅವಳಿಗೆ ಹೇಳತೀರದ ಜಂಬ.

ಇಂಥವಳ ಸಿದ್ಧಾಂತಕ್ಕೆ ಕ್ಯಾರೇ ಅನ್ನದ ಒಂದೇ ಜೀವ ಅವಳ ಮನೆಯಲ್ಲಿತ್ತು. ಅದು ಅವಳ ಅತ್ತೆ.

ಅತ್ತೆ ದರ್ಜಿ. ಸಾಮಾನ್ಯ ದರ್ಜಿಯಲ್ಲ. ಒಂದು ಭುಜ ಮೇಲೆ, ಒಂದು ಭುಜ ಕೆಳಗಿದ್ದವರು, ಬೆನ್ನು ಗೂನಾದವರು, ಕಾಯಿಲೆಗೆ ಎದೆ ತೆಗೆಸಿಕೊಂಡ ಹೆಂಗಸರು, ಒಂದು ಕಾಲು ಗಿಡ್ಡವಾದವರು, ಹೀಗೆ ಅಂಗಡಿಯ ಸಿದ್ಧ ಉಡುಪು ಮೈಗೆ ಕೂರದವರೆಲ್ಲ ಅತ್ತೆಯ ಹತ್ತಿರ ಬರುತ್ತಿದ್ದರು. ಅವರು ಹೊಲಿದ ಕೋಟು ಹಾಕಿಕೊಂಡು ರಸ್ತೆಯಲ್ಲಿ ಹೋದರೆ ಯಾವ ಭುಜ ಕೆಳಗೆ ಅಂತ ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ. ತಿಜೋರಿಗೂ ಅಂಗಡಿಯ ಕೋಟು ಯಾವತ್ತೂ ಸರಿಯಾಗಿ ಕೂತದ್ದಿಲ್ಲ. ಅಂಗಡಿಯವರಿಗೆ ಕತ್ತರಿಸಲು ಬರುವುದಿಲ್ಲ ಅಂತ ಅವಳು ಬೈದುಕೊಳ್ಳುತ್ತಿದ್ದಳು, ಅತ್ತೆ ಹೌದಮ್ಮಾ ಹೌದು ಅನ್ನುತ್ತಿದ್ದರು.

ಮೂವತ್ತು ವರ್ಷ ಅತ್ತೆಯ ನಮೂನೆಗಳೆಲ್ಲ ಕಂದು ಕಾಗದದಲ್ಲಿದ್ದವು. ಒಂದು ಸಲ ಯಾರೋ ಗಿರಾಕಿಯ ನಾದಿನಿ ಆ ಕಾಗದಗಳ ನಡುವೆ ಮೂಗು ತೂರಿಸಿ, ತನ್ನ ಅತ್ತಿಗೆಯ ಎದೆಯ ಅಳತೆ ಓದಿ, ಬಂಧುಬಳಗಕ್ಕೆಲ್ಲ ಸಾರಿಬಿಟ್ಟಳು. ಆ ಗಿರಾಕಿ ಮತ್ತೆ ಬರಲಿಲ್ಲ. ಅವತ್ತು ಅತ್ತೆ ಊಟ ಬಿಟ್ಟು ಕೂತು, ಸಂಜೆ ಸೊಸೆಯನ್ನು ಕರೆದು, ಅಳತೆ ಅಂದರೆ ಗುಟ್ಟು, ನಿನ್ನ ಕೆಲಸವೇ ಬೀಗ ಹಾಕುವುದಲ್ಲವೇ, ಇದಕ್ಕೆ ಹಾಕಿಕೊಡು ಅಂದರು. ಅತ್ತೆ ಸೊಸೆಗೆ ಒಂದು ಕೆಲಸವನ್ನು ಬೇಡಿ ಕೇಳಿದ್ದು ಅದೇ ಮೊದಲು. ತಿಜೋರಿ ಆ ವಾರವೇ ತನ್ನ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಹಾಕಿದ ಒಂದು ಕಂಪ್ಯೂಟರ್ ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಅರವತ್ತು ದಾಟಿದ ಅತ್ತೆ ನಾಲ್ಕೇ ತಿಂಗಳಲ್ಲಿ ನಮೂನೆ ಬಿಡಿಸುವ ಪ್ರೋಗ್ರಾಂ ಕಲಿತರು. ಕಲಿಯುವಾಗ ಪ್ರಯೋಗಕ್ಕೆ ಸಿಕ್ಕ ಮೈ ಸೊಸೆಯದು. ಆದ್ದರಿಂದ ಅಲ್ಲಿನ ಒಂದನೇ ನಂಬರಿನ ಕಡತ ಅವಳದೇ. ಹಳೆಯ ಕಾಗದಗಳನ್ನೆಲ್ಲ ಅತ್ತೆ ಒಂದೊಂದಾಗಿ ಅದರೊಳಕ್ಕೆ ಇಳಿಸಿ ಸುಟ್ಟುಹಾಕಿದರು. ಹೆಸರುಗಳಿಲ್ಲ, ಬರೀ ನಂಬರುಗಳು. ಯಾವ ನಂಬರು ಯಾರದು ಅನ್ನುವುದು ಅತ್ತೆಯ ತಲೆಯಲ್ಲಿ.

ಜಗಳ ಶುರುವಾದದ್ದು ಬೀಗದಿಂದ. ಇಪ್ಪತ್ತನಾಲ್ಕು ಅಕ್ಷರಕ್ಕೆ ಕಡಿಮೆಯಿಲ್ಲದ ಒಂದು ವಾಕ್ಯ ಪಾಸ್‌ವರ್ಡ್ ಆಗಿರಬೇಕು, ಅದು ಸೊಸೆಗೂ ಗೊತ್ತಿರಬಾರದು, ದಿನಾ ಸಂಜೆ ಯಂತ್ರ ಆರಿಸಬೇಕು, ಬೆಳಿಗ್ಗೆ ಮತ್ತೆ ಒತ್ತಬೇಕು ಅಂತ ಅಪ್ಪಣೆಯಾಯಿತು. ಅತ್ತೆ ಮೂರು ದಿನ ಒತ್ತಿದರು. ನಾಲ್ಕನೆಯ ದಿನದಿಂದ ಯಂತ್ರ ಆರಿಸುವುದನ್ನೇ ಬಿಟ್ಟರು. ಸೊಸೆ ಕಾಲು ಕೆರೆದು ಜಗಳಕ್ಕೆ ನಿಂತಳು. ಸೂಜಿ ಚುಚ್ಚಿ ಚುಚ್ಚಿ ಬೆರಳು ಮೊಂಡಾಗಿದೆ ಕಣೇ, ನಿನ್ನ ಹರಿಕಥೆ ಒತ್ತುತ್ತ ಕೂತರೆ ತೋಳು ಹೊಲಿಯುವುದು ಯಾವಾಗ ಅಂದರು ಅತ್ತೆ. ಕೊನೆಗೆ ಗಂಡ ನಡುವೆ ಬಂದು ಒಂದು ರಾಜಿಯಾಯಿತು. ದಿನಬಳಕೆಗೆ ಅತ್ತೆಯ ಬಲಗೈ ತೋರುಬೆರಳಿಟ್ಟರೆ ಪರದೆ ತೆರೆಯುತ್ತದೆ. ಆದರೆ ಮೂರು ದಿನ ಯಾರೂ ಮುಟ್ಟದಿದ್ದರೆ ಬೆರಳು ಸಾಲದು, ಪೂರ್ತಿ ವಾಕ್ಯ ಬೇಕು. ಹತ್ತು ಸಲ ತಪ್ಪಾದರೆ ಕೀಲಿ ತಾನೇ ಅಳಿದುಹೋಗುತ್ತದೆ.

ಅತ್ತೆ ಒಂದು ಚೀಟಿಯಲ್ಲಿ ಆ ವಾಕ್ಯ ಬರೆದು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದರು. ತಿಜೋರಿ ಅದನ್ನು ಕಂಡ ಕೂಡಲೇ ಕಿತ್ತು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ನಾಲ್ಕು ಮಡಿಕೆ ಮಡಿಸಿ, ಒಲೆಗೆ ಹಾಕಿ ಸುಟ್ಟಳು. ಬೇರೆ ಯಾವ ಸೊಸೆಯಾದರೂ ಒಂದು ಸಲ ಇಣುಕಿ ನೋಡುತ್ತಿದ್ದಳು. ಇವಳು ನೋಡಲಿಲ್ಲ, ಇವಳ ಹೆಚ್ಚುಗಾರಿಕೆಯೇ ಅದು.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ವಾಲಿದರು. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಮನೆಗೆ ಬಂದಾಗ ಬಲಗೈ ಜೋತುಬಿದ್ದಿತ್ತು, ನಡಿಗೆ ಕುಂಟಿತ್ತು, ಮಾತೆಲ್ಲ ಹೋಗಿ ಒಂದೇ ಒಂದು ಮಾತು ಉಳಿದಿತ್ತು: ಕತ್ತರಿ. ನೀರು ಬೇಕಾದರೆ ಕತ್ತರಿ, ಮಗ ಬಂದರೆ ಕತ್ತರಿ, ಸಿಟ್ಟು ಬಂದರೆ ಜೋರಾಗಿ ಕತ್ತರಿ. ತಲೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು, ಅದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ಮಾತು ಕಲಿಸಲು ಬರುತ್ತಿದ್ದ ಹೆಂಗಸು ಹೇಳಿದಳು, ಇವರಿಗೆ ಇವರ ಕೆಲಸ ಕೊಡಿ, ನಮೂನೆಗಳನ್ನು ಮುಂದಿಟ್ಟರೆ ಒಂದೊಂದಾಗಿ ಗುರುತು ಹತ್ತುತ್ತದೆ, ಗುರುತು ಹತ್ತಿದಂತೆ ಮಾತೂ ಬರಬಹುದು, ತಡಮಾಡಬೇಡಿ.

ನಮೂನೆಗಳು ಕಂಪ್ಯೂಟರಿನಲ್ಲಿದ್ದವು. ಮೂರು ದಿನ ಮುಗಿದು ಯಾವ ಕಾಲವಾಗಿತ್ತೋ. ಪರದೆ ಪೂರ್ತಿ ವಾಕ್ಯ ಕೇಳುತ್ತಿತ್ತು.

ಅತ್ತೆಯನ್ನು ಕೂರಿಸಿ ಕೀಬೋರ್ಡ್ ಕೊಟ್ಟರು. ಅವರು ಎಡಗೈಯಿಂದ ಅಕ್ಷರಗಳನ್ನು ಸವರಿ, ಒಂದೆರಡು ಒತ್ತಿ, ಕಣ್ಣು ತುಂಬಿಕೊಂಡು ಕತ್ತರಿ ಅಂದರು. ತಿಜೋರಿ ತನಗೆ ತೋಚಿದ್ದನ್ನೆಲ್ಲ ಒತ್ತಿ ನೋಡಿದಳು. ಮಾವನವರ ಬಗ್ಗೆ ಎರಡು ವಾಕ್ಯ, ಹೊಲಿಗೆಯ ಬಗ್ಗೆ ಮೂರು, ತನ್ನನ್ನೇ ಬೈದಿರಬಹುದಾದ ಎರಡು. ಏಳು ಸಲ ತಪ್ಪಾಯಿತು. ಮೂರು ಉಳಿದವು. ಅವಳು ಕೀಬೋರ್ಡನ್ನು ಕಪಾಟಿನ ಮೇಲಿಟ್ಟಳು.

ನಕಲು ಪ್ರತಿ ಇರಲಿಲ್ಲವೇ? ಇತ್ತು. ಅದಕ್ಕೂ ಅದೇ ಕೀಲಿ. ಇಂಥ ಜಾಣತನಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು.

ಇಷ್ಟು ಸಾಲದೆಂಬಂತೆ ಆ ವಾರ ಕಂಪ್ಯೂಟರಿನ ಹಿಂಬದಿಯಿಂದ ಸುಟ್ಟ ವಾಸನೆ ಬರತೊಡಗಿತು. ವಿದ್ಯುತ್ ಹಂಚುವ ಒಳಗಿನ ಡಬ್ಬಿಯ ಫ್ಯಾನು ನಿಂತಿತ್ತು, ಡಬ್ಬಿ ಗುಂಯ್‌ಗುಡುತ್ತಿತ್ತು. ಅದನ್ನು ಬದಲಿಸಬೇಕಾದರೆ ಯಂತ್ರ ಆರಿಸಬೇಕು. ಆರಿಸಿದರೆ ಕೀಲಿ ಸೊನ್ನೆ. ಆರಿಸದಿದ್ದರೆ ಇನ್ನೆರಡು ದಿನವೋ ಮೂರು ದಿನವೋ, ಅದು ತಾನೇ ಆರುತ್ತದೆ. ಸಾವಿರದ ನೂರ ನಲವತ್ತು ಮಂದಿಯ ಮೈ, ಅತ್ತೆಯ ಇಡೀ ಜೀವಮಾನ, ಬೆಚ್ಚಗಾದ ಆ ಡಬ್ಬಿಯ ದಯೆಯ ಮೇಲಿತ್ತು. ತಿಜೋರಿ ಕೋಣೆಯ ಟೇಬಲ್ ಫ್ಯಾನನ್ನು ಅತ್ತೆಯ ಕಡೆಯಿಂದ ಯಂತ್ರದ ಕಡೆಗೆ ತಿರುಗಿಸಿದಳು. ಅತ್ತೆ ಬೆವರೊರೆಸಿಕೊಂಡು ಸೊಸೆಯನ್ನೊಮ್ಮೆ, ಫ್ಯಾನನ್ನೊಮ್ಮೆ ನೋಡಿ, ವ್ಯಂಗ್ಯವಾಗಿ ಕತ್ತರಿ ಅಂದರು.

ಯಂತ್ರದ ಒಡೆತನದ ಪಾಸ್‌ವರ್ಡ್ ತಿಜೋರಿಯ ಬಳಿ ಇತ್ತು. ಅದರಿಂದ ಒಳಗೆ ಹೋದಳು. ಅತ್ತೆಯ ಗೊಂಚಲು ಅಲ್ಲೇ ಇತ್ತು, ಕೀಲಿ ಅಲ್ಲೇ ನೇತಾಡುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಮುಟ್ಟಲು ಹೋದರೆ ಅನುಮತಿ ಇಲ್ಲ ಅಂತ ಒಂದು ಸಾಲು. ಆ ಸಾಲನ್ನು ಬರೆದವಳು ಅವಳೇ. ಒಂದೂವರೆ ದಿನ ತನ್ನದೇ ಕೋಟೆಗೆ ಸುತ್ತು ಹಾಕಿ, ತನ್ನದೇ ಗೋಡೆಗೆ ತಲೆ ಚಚ್ಚಿಕೊಂಡಳು. ಜಪ್ಪಯ್ಯ ಅಂದರೂ ಒಂದು ಬಿರುಕು ಸಿಗಲಿಲ್ಲ. ಎಷ್ಟು ಚೆನ್ನಾಗಿ ಕಟ್ಟಿದ್ದೇನಲ್ಲ ಅಂತ ಮೊದಲ ಸಲ ಅವಳಿಗೆ ಅಳು ಬಂತು.

ಆಮೇಲೆ ನೆನಪಾಯಿತು. ಒಂದು ಬಿರುಕು ಇತ್ತು.

ಅದಕ್ಕೆ ಕೊಕ್ಕೆಯ ವಿಚಾರ ಹೇಳಬೇಕು. ಕೊಕ್ಕೆ ಅನ್ನುವುದು ಅದೇ ಆಫೀಸಿನ ಪರೀಕ್ಷಕ. ಇತರರು ಬರೆದದ್ದರಲ್ಲಿ ತಪ್ಪು ಹುಡುಕುವುದು ಆತನ ಕೆಲಸ. ಸಿಕ್ಕ ತಪ್ಪನ್ನೆಲ್ಲ ಎಲ್ಲರೂ ನೋಡುವಂತೆ ದೂರು ಪಟ್ಟಿಯಲ್ಲಿ ಹಾಕುತ್ತಿದ್ದ. ಸಣಕಲು ಮೈ, ಸದಾ ಹಲ್ಲಿನಲ್ಲಿ ಒಂದು ಪೆನ್ಸಿಲು. ತಿಜೋರಿಯ ಮೂಲೆಯ ಮೇಲೆ ಆತ ಬರೆದ ದೂರುಗಳು ಮುನ್ನೂರಕ್ಕೂ ಹೆಚ್ಚು. ಅವಳು ಹಲ್ಲು ಕಡಿದುಕೊಂಡು ಒಂದೊಂದನ್ನೇ ಒಪ್ಪಿಕೊಂಡು ತಿದ್ದುತ್ತಿದ್ದಳು. ಒಂದನ್ನು ಬಿಟ್ಟು.

ಹದಿನಾಲ್ಕು ತಿಂಗಳ ಹಿಂದಿನ ಮಾತು. ಒಂದು ಪ್ರೋಗ್ರಾಂ ತನ್ನ ಬಳಿ ಇಲ್ಲದ ಕೀಲಿ ಕೇಳಿದರೆ ಕರ್ನಲ್ ಒಬ್ಬ ಆಳನ್ನು ಹೊರಗೆ ಕಳಿಸುತ್ತದೆ, ಹೋಗಿ ಹುಡುಕಿಕೊಂಡು ಬಾ ಅಂತ. ಆಳೆಂದರೆ ಅದೂ ಒಂದು ಪುಟ್ಟ ಪ್ರೋಗ್ರಾಂ. ಹುಡುಕಲು ಅನುಕೂಲವಾಗಲಿ ಅಂತ, ಕೇಳಿದವರ ಗೊಂಚಲನ್ನು ಅಷ್ಟು ಹೊತ್ತಿಗೆ ಅದರ ಕೈಗೆ ಕೊಡುತ್ತದೆ. ಕೆಲಸ ಮುಗಿದ ಮೇಲೆ ಗೊಂಚಲು ವಾಪಸ್ಸು. ಕೊಕ್ಕೆ ಕಂಡುಹಿಡಿದದ್ದು ಏನೆಂದರೆ, ಆಳನ್ನು ನಡುದಾರಿಯಲ್ಲಿ ಸರಿಯಾದ ಕ್ಷಣಕ್ಕೆ ನಿಲ್ಲಿಸಿಬಿಟ್ಟರೆ ಗೊಂಚಲು ಅದರ ಕೈಯಲ್ಲೇ ಉಳಿಯುತ್ತದೆ, ಯಾರೂ ವಾಪಸ್ಸು ಕೇಳುವುದಿಲ್ಲ. ತಿಜೋರಿ ಆ ದೂರನ್ನು ಐದು ನಿಮಿಷ ನೋಡಿ, ಅದರ ಕೆಳಗೆ 'ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದು' ಅಂತ ಬರೆದು ಮುಚ್ಚಿದಳು. ಎಂಟನೆಯ ದಿನ ಸ್ನಾನ ಮಾಡುವಾಗ ಅವನು ಹೇಳಿದ್ದು ನಿಜ ಅಂತ ಹೊಳೆಯಿತು. ತಲೆಗೆ ಹಾಕಿದ ಸೋಪು ತೊಳೆಯುವುದನ್ನೂ ಮರೆತು ನಿಂತಳು. ಮರುದಿನ ಮೂರು ಸಾಲು ತಿದ್ದಿ ಬಿರುಕು ಮುಚ್ಚಿದಳು. ಏನು ತಿದ್ದಿದೆ ಅನ್ನುವ ಜಾಗದಲ್ಲಿ 'ಟಿಪ್ಪಣಿಗಳ ಕಾಗುಣಿತ ಸರಿಪಡಿಸಿದ್ದು' ಅಂತ ಬರೆದಳು. ದೂರು ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು. ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ಅವಳಿಗೆ ಅಭ್ಯಾಸವಾಗಿತ್ತಲ್ಲ.

ಈಗ ಕೇಳಿ. ಅತ್ತೆಯ ಯಂತ್ರವನ್ನು ಕೊನೆಯ ಸಲ ಆರಿಸಿ ಹಚ್ಚಿ ಎರಡು ವರ್ಷವಾಗಿತ್ತು. ಆರಿಸಿ ಹಚ್ಚದೆ ಹೊಸ ಕರ್ನಲ್ ಬರುವುದಿಲ್ಲ. ಅಂದರೆ ಅದರೊಳಗೆ ಹಳೆಯ ಕರ್ನಲ್, ಅದರಲ್ಲಿ ಹಳೆಯ ಬಿರುಕು, ಹಾಗೇ ಇತ್ತು. ಇನ್ನೂ ಒಂದಿತ್ತು. ಅತ್ತೆಯ ನಮೂನೆ ಪ್ರೋಗ್ರಾಂ ಗಂಟೆಗೊಮ್ಮೆ, ಮೊದಲು ನಮೂನೆ ಅಚ್ಚು ಹಾಕಿಕೊಡುತ್ತಿದ್ದ ಹಳೆಯ ಮುದ್ರಣದಂಗಡಿಯ ಕೀಲಿ ಕೇಳುತ್ತಿತ್ತು. ಆ ಅಂಗಡಿ ಬಿಟ್ಟು ವರ್ಷದ ಮೇಲಾಗಿತ್ತು, ಅದರ ಕೀಲಿಯೂ ಇರಲಿಲ್ಲ. ಅದನ್ನು ನಿಲ್ಲಿಸಿ ಅತ್ತೆ ಅಂತ ಸೊಸೆ ಹತ್ತಾರು ಸಲ ಗೋಗರೆದಿದ್ದಳು, ಅವರು ಆಯಿತಮ್ಮಾ ಅಂದು ಹೊಲಿಯುತ್ತ ಕೂತಿದ್ದರು. ಹಾಗಾಗಿ ಈಗಲೂ ಗಂಟೆಗೊಮ್ಮೆ ಅತ್ತೆಯ ಗೊಂಚಲು ಹಿಡಿದು ಒಂದು ಆಳು ಹೊರಗೆ ಬರುತ್ತಿತ್ತು. ಸೊಸೆ ಹೇಳಿದ್ದನ್ನು ಕೇಳದೆ ಇದ್ದುದರಿಂದಲೇ ಅತ್ತೆಯ ಕೋಟೆಗೆ ಒಂದು ಕಿಂಡಿ ಉಳಿದಿತ್ತು.

ಆಳನ್ನು ಸರಿಯಾದ ಕ್ಷಣಕ್ಕೆ ನಿಲ್ಲಿಸಲು ತಿಜೋರಿ ತಾನೇ ಎರಡು ಸಲ ನೋಡಿದಳು. ಎರಡನೆಯ ಸಲ ಅತ್ತೆಯ ಪರದೆ ಒಮ್ಮೆ ಮಿಣುಕಿತು, ಅವಳು ಕೈ ಹಿಂದೆಗೆದಳು. ಇನ್ನೊಮ್ಮೆ ಎಡವಿದರೆ ಎಲ್ಲ ಕುಸಿಯುತ್ತದೆ. ಆ ಕ್ಷಣವನ್ನು ತಪ್ಪದೆ ಹಿಡಿಯುವ ಉಪಕರಣ ಬರೆದವನು ಜಗತ್ತಿನಲ್ಲಿ ಒಬ್ಬನೇ. ಅವನ ಮುಖಕ್ಕೆ ಅವಳು ಬಾಗಿಲು ಹಾಕಿದ್ದಳು.

ಶುಕ್ರವಾರ ಮಧ್ಯಾಹ್ನ ಅವಳು ಕೊಕ್ಕೆಯ ಮೇಜಿನ ಮುಂದೆ ಹೋಗಿ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿಗೆ ನಡೆದುಬಂದದ್ದು ಅದೇ ಮೊದಲು. ಸುತ್ತ ನಾಲ್ಕು ಮೇಜಿನವರು ಟೈಪು ಮಾಡುವುದನ್ನು ನಿಲ್ಲಿಸಿದರು.

"ನಿಮ್ಮ ಆ ದೂರು ನಿಜ. ನಾನು ಸುಳ್ಳು ಬರೆದೆ," ಅಂದಳು.

"ಗೊತ್ತು."

"ಯಾವಾಗಿಂದ?"

ಕೊಕ್ಕೆ ಹಲ್ಲಿನಿಂದ ಪೆನ್ಸಿಲು ತೆಗೆದ. "ಒಂಬತ್ತನೇ ದಿನದಿಂದ. ನೀವು ಕಾಗುಣಿತ ತಿದ್ದಿದ್ದು ಇಷ್ಟು ವರ್ಷದಲ್ಲಿ ಅದೊಂದೇ ಸಲ ಮೇಡಂ. ಅನುಮಾನ ಬಂತು, ಮತ್ತೆ ಪರೀಕ್ಷೆ ಮಾಡಿ ನೋಡಿದೆ. ತೂತು ಮುಚ್ಚಿತ್ತು."

ಹಾಗಿದ್ದರೆ ಬಾಯಿ ಬಿಡಬಹುದಿತ್ತಲ್ಲ ಅಂತ ಅವಳು ಕೇಳಿದಳು. ನೀವು ಬಿಡುತ್ತೀರೇನೋ ಅಂತ ಕಾಯುತ್ತಿದ್ದೆ ಅಂದ. ಆಮೇಲೆ ಇನ್ನೊಂದು ಹೇಳಿದ, ಯಾವ ಸಿಟ್ಟೂ ಇಲ್ಲದೆ, ಬಸ್ಸು ತಡವಾಯಿತು ಅನ್ನುವ ಹಾಗೆ. ಆ ವರ್ಷ ಆತನಿಗೆ ಬಡ್ತಿ ಸಿಗಬೇಕಿತ್ತು. ಇಲ್ಲದ ದೋಷ ಹುಡುಕಿ ಹಿರಿಯರ ಸಮಯ ಹಾಳು ಮಾಡುತ್ತಾನೆ ಅಂತ, ಅವಳು ಮುಚ್ಚಿದ ಅದೇ ದೂರನ್ನು ತೋರಿಸಿ, ಮೇಲಿನವರು ಇಲ್ಲ ಅಂದಿದ್ದರು.

ತಿಜೋರಿಗೆ ನಾಚಿಕೆಯಾಯಿತು. ಅತ್ತೆಯ ವಿಚಾರ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಇದನ್ನು ಈಗ ಹೇಳಿದರೆ ತಪ್ಪೊಪ್ಪಿಗೆ ಹೋಗಿ ವ್ಯಾಪಾರವಾಗುತ್ತದೆ ಅನ್ನಿಸಿತು. ನೇರ ತನ್ನ ಜಾಗಕ್ಕೆ ಹೋಗಿ, ಆ ದೂರನ್ನು ಮತ್ತೆ ತೆರೆದು, ಕೆಳಗೆ ಹೀಗೆ ಬರೆದಳು: 'ಇದು ದೋಷವೇ. ದೂರು ಸರಿಯಿತ್ತು, ನಾನು ಮುಚ್ಚಿದ್ದು ತಪ್ಪು. ಒಂಬತ್ತನೆಯ ದಿನ ಕದ್ದು ತಿದ್ದಿದೆ, ಕಾಗುಣಿತದ ಹೆಸರಿನಲ್ಲಿ. ಹುಡುಕಿದವರ ಹೆಸರಿಗೆ ಬರಬೇಕಾದ ಗೌರವವನ್ನು ನಾನು ತಿಂದುಹಾಕಿದ್ದೇನೆ.' ಗುಂಡಿ ಒತ್ತಿದಳು. ಆ ಪಟ್ಟಿಗೆ ಸೇರಿಕೊಂಡ ನಾನೂರು ಮಂದಿಗೆ ಮೇಲ್ ಹೋಯಿತು. ಯಾರೋ ಕೆಮ್ಮಿದರು.

ಕೊಕ್ಕೆಯೇ ಎದ್ದು ಅವಳ ಹತ್ತಿರ ಬಂದ. "ಈಗ ಹೇಳಿ. ನೀವು ಸುಮ್ಮನೆ ಬರೋರಲ್ಲ. ಏನಾಗಿದೆ?"

ಅವಳು ಎಲ್ಲ ಹೇಳಿದಳು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಆತ ತನ್ನ ಲ್ಯಾಪ್‌ಟಾಪು, ಒಂದು ಖಾಲಿ ಡಿಸ್ಕು, ಮೂರು ಪೆನ್ಸಿಲು ಹಿಡಿದು ಮನೆಗೆ ಬಂದ. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಆತನನ್ನು ಮೇಲಿಂದ ಕೆಳಗೆ ನೋಡಿ, ಅಂಗಿಯ ತೋಳಿನ ಹತ್ತಿರ ಕಣ್ಣು ನಿಲ್ಲಿಸಿ, ಅಸಹ್ಯಪಟ್ಟು ಕತ್ತರಿ ಅಂದರು. ತೋಳು ನಿಜಕ್ಕೂ ಎರಡು ಬೆರಳು ಉದ್ದವಿತ್ತು. ಕೊಕ್ಕೆ ಗೌರವದಿಂದ ತೋಳು ಮಡಿಸಿಕೊಂಡ. ತನಗಿಂತ ಬೇಗ ತಪ್ಪು ಹುಡುಕುವವರನ್ನು ಆತ ಕಂಡದ್ದು ಅಪರೂಪ.

ತಿಜೋರಿ ಅತ್ತೆಯ ಮುಂದೆ ಮಂಡಿಯೂರಿ ಕೂತಳು. "ಅತ್ತೆ, ನಿಮ್ಮ ಬೀಗ ಒಡೀತೀವಿ. ಒಳಗಿನದನ್ನ ಈಚೆ ತಂದು ಬೇರೆ ಕಡೆ ಇಡ್ತೀವಿ. ಯಾರ ಅಳತೆನೂ ನೋಡಲ್ಲ. ಒಡೀಲಾ?"

ಅತ್ತೆ ಎಡಗೈ ಎತ್ತಿ, ಇಷ್ಟಕ್ಕೆ ಇಷ್ಟು ದಿನ ಬೇಕಿತ್ತಾ ಅನ್ನುವಂತೆ ಬೀಸಿದರು.

ಹತ್ತು ಗಂಟೆಗೆ ಆಳು ಬಂತು, ಕೊಕ್ಕೆಯ ಉಪಕರಣ ಅದನ್ನು ಹಿಡಿಯುವ ಮುಂಚೆ ಹೋಗಿಯೂ ಬಿಟ್ಟಿತು. ಸದ್ಯ, ಏನೂ ಕುಸಿಯಲಿಲ್ಲ. ಆತ ಒಂದು ಅಂಕಿ ಬದಲಿಸಿ ಪೆನ್ಸಿಲು ಕಚ್ಚಿ ಕೂತ. ಸುಟ್ಟ ವಾಸನೆ ಹೆಚ್ಚಾಯಿತು. ಗಂಡ ಅಂಗಡಿಗೆ ಹೋಗದೆ ಎರಡನೆಯ ಫ್ಯಾನು ತಂದು ಹಿಡಿದುಕೊಂಡು ನಿಂತ, ಹಿಡಿದುಕೊಂಡೇ ಕೊಕ್ಕೆಯ ಕನ್ನಡಕ ಸೊಟ್ಟಗಿದೆ ಅಂತ ಎರಡು ಸಲ ಹೇಳಿದ. ಆ ಒಂದು ಗಂಟೆ ತಿಜೋರಿ ಅತ್ತೆಯ ಕುರ್ಚಿಯ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಇದು ಹೋದರೆ ಇವರ ಮಾತು ನನ್ನಿಂದಲೇ ಹೋದ ಹಾಗೆ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹನ್ನೊಂದಕ್ಕೆ ಆಳು ಬಂತು. ನಿಂತಿತು. ಅದರ ಕೈಯಲ್ಲಿ ಗೊಂಚಲು.

ಆ ಆಳಿನ ಕೈಯಿಂದಲೇ ಕಡತಗಳನ್ನು ಖಾಲಿ ಡಿಸ್ಕಿಗೆ ಇಳಿಸುವ ಆಜ್ಞೆಯನ್ನು ಕೊಕ್ಕೆ ಒತ್ತಿದ. ಡಿಸ್ಕಿನ ದೀಪ ಮಿನುಗತೊಡಗಿತು. ಒಂದು, ಎರಡು, ಮೂರು ಅಂತ ನಂಬರುಗಳು ಪರದೆಯ ಮೇಲೆ ಏರುತ್ತ ಹೋದವು. ತಿಜೋರಿ ತಾನು ಕಟ್ಟಿದ ಕೋಟೆ ಕಣ್ಣೆದುರೇ ಬರಿದಾಗುವುದನ್ನು ನೋಡುತ್ತ, ಬೇಗ ಬೇಗ, ಇನ್ನೂ ಬೇಗ ಅಂತ ಪಿಸುಗುಟ್ಟುತ್ತಿದ್ದಳು. ಇಪ್ಪತ್ತಾರನೆಯ ನಿಮಿಷಕ್ಕೆ ನಂಬರು ಸಾವಿರದ ನೂರ ಮೂವತ್ತೊಂದು ಮುಟ್ಟಿದಾಗ ಡಬ್ಬಿ ಟಪ್ಪೆಂದಿತು. ಒಂದಿಷ್ಟು ಹೊಗೆ ಬಂತು, ಪರದೆ ಕಪ್ಪಾಯಿತು. ಕೀಲಿ ಸೊನ್ನೆಯಾಯಿತು, ಅವಳು ಬರೆದಿದ್ದ ಹಾಗೆಯೇ.

ಒಂಬತ್ತು ಹೋದವು. ಒಂಬತ್ತು ಮಂದಿ ಮತ್ತೆ ಬಂದು ಅಳತೆ ಕೊಟ್ಟರಾಯಿತು ಅಂದ ಗಂಡ, ಫ್ಯಾನು ಕೆಳಗಿಟ್ಟು.

ಡಿಸ್ಕನ್ನು ಬೇರೆ ಯಂತ್ರಕ್ಕೆ ಸೇರಿಸಿದರು. ಬೀಗವಿಲ್ಲದೆ ಬಿಡುವಂತಿರಲಿಲ್ಲ, ಅತ್ತೆ ಗಿರಾಕಿಗಳಿಗೆ ಕೊಟ್ಟ ಮಾತು ಅದು. ಹೊಸ ಪಾಸ್‌ವರ್ಡ್ ಏನಿಡೋಣ ಅತ್ತೆ ಅಂತ ತಿಜೋರಿ ಕೇಳಿದಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಕತ್ತರಿ," ಅಂದರು ಅತ್ತೆ.

ದಿನಕ್ಕೆ ನೂರು ಸಲ ಮನೆಮಂದಿ, ನೆರೆಹೊರೆ, ಹಾಲಿನವನು ಎಲ್ಲರ ಕಿವಿಗೂ ಬೀಳುವ ಮಾತು. ತಿಜೋರಿ ಅದನ್ನು ಒತ್ತಿದಳು. ತೀರಾ ಚಿಕ್ಕದು, ಬೇರೆ ಕೊಡಿ ಅಂತ ಅವಳೇ ಬರೆದ ಕಟ್ಟುಪಾಡು ತಕರಾರು ತೆಗೆಯಿತು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ತಕರಾರು. ಅವಳು ಒಳಗೆ ಹೋಗಿ ಆ ಕಟ್ಟುಪಾಡನ್ನೇ ಅಳಿಸಿಹಾಕಿ ಬಂದಳು. ಹೇಳಬಲ್ಲ ಮಾತು ಒಂದೇ ಇರುವವರಿಗೆ ಬೇರೆ ಯಾವ ಕೀಲಿ ಕೊಡುವುದು?

ಅತ್ತೆಗೆ ಕೀಬೋರ್ಡ್ ಕೊಟ್ಟು, ಮೂರು ಅಕ್ಷರಗಳ ಗುಂಡಿಗಳ ಮೇಲೆ ಬಟ್ಟೆಯ ಚೂರು ಅಂಟಿಸಿ ತೋರಿಸಿದರು. ಅವರು ಎಡಗೈಯಿಂದ ಒಂದೊಂದಾಗಿ ಒತ್ತಿದರು. ಬಾಗಿಲು ತೆರೆಯಿತು. ಅತ್ತೆ ಬಹಳ ಹೊತ್ತು ನಂಬರುಗಳನ್ನು ನೋಡಿದರು. ಆಮೇಲೆ ಸೊಸೆಯನ್ನು ಕೈಸನ್ನೆಯಿಂದ ಹತ್ತಿರ ಕರೆದು, ಉಳಿದಿಬ್ಬರಿಗೂ ಆ ಕಡೆ ತಿರುಗಿ ಅಂತ ಕಣ್ಣಿನಲ್ಲೇ ಗದರಿ, ಒಂದನೇ ನಂಬರನ್ನು ತೆರೆದರು.

ತಿಜೋರಿಯ ಕೋಟಿನ ನಮೂನೆ. ಎಡ ಭುಜದ ಹತ್ತಿರ ಅತ್ತೆ ಒಂದು ಟಿಪ್ಪಣಿ ಬರೆದಿದ್ದರು: 'ಎಡ ಭುಜ ಮುಕ್ಕಾಲು ಬೆರಳು ಕೆಳಗೆ. ಮದುವೆಯ ಬಟ್ಟೆಯಿಂದ ಹಿಡಿದು ಎಲ್ಲದಕ್ಕೂ ಒಳಗೆ ಹತ್ತಿ ಇಟ್ಟು ಸಮ ಮಾಡುತ್ತಿದ್ದೇನೆ. ಅವಳಿಗೆ ಹೇಳಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ.'

ಅವಳು ಅದನ್ನು ಎರಡು ಸಲ ಓದಿದಳು. ಮೈಮೇಲಿದ್ದ, ಅತ್ತೆಯೇ ಹೊಲಿದ ಕೋಟಿನ ಎಡ ಭುಜವನ್ನು ಬೆರಳಿನಿಂದ ಒತ್ತಿ ನೋಡಿದಳು. ಮೆತ್ತಗಿತ್ತು. ಇಪ್ಪತ್ತನಾಲ್ಕು ವರ್ಷ ಅವಳು ಅಂಗಡಿಯವರನ್ನು ಬೈದಿದ್ದಳು, ಅತ್ತೆ ಹೌದಮ್ಮಾ ಅಂದಿದ್ದರು. ಅವಳು ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಕೊಕ್ಕೆ ಸುಟ್ಟ ಡಬ್ಬಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಅತ್ತೆ ಎಡಗೈಯನ್ನು ಸೊಸೆಯ ಎಡ ಭುಜದ ಮೇಲಿಟ್ಟು, ಬಾಯಿ ತೆರೆದು, ಮಾತಿಗೆ ತಡಕಾಡಿ, "ಹ... ಹತ್ತಿ," ಅಂದರು.

ಸೋಮವಾರ ದೂರು ಪಟ್ಟಿಯಲ್ಲಿ ಕೊಕ್ಕೆಯ ಹೊಸದೊಂದು ಬಂತು: 'ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕೆಂಬ ಕಟ್ಟುಪಾಡನ್ನು ಅಳಿಸಿಹಾಕಲು ಸಾಧ್ಯವಾಗುತ್ತಿದೆ. ಒಬ್ಬ ಬಳಕೆದಾರರು ತಮ್ಮ ಗುಟ್ಟಿನ ಮಾತನ್ನು ದಿನವಿಡೀ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಾರೆ. ಗಂಭೀರ ದೋಷ.'

ತಿಜೋರಿ ಅದರ ಕೆಳಗೆ 'ಹೌದು, ದೋಷ. ತಿದ್ದುವುದಿಲ್ಲ' ಅಂತ ಬರೆದು, ದೂರನ್ನು ಮುಚ್ಚದೆ ಹಾಗೇ ಬಿಟ್ಟಳು.